ಒಪ್ಪಿಗೆ ಸಿಕ್ತು

ನಮ್ಮನೆಯವರಿಗೆ ಬೀಗದ ಹುಚ್ಚು. ಕೀಲಿ ಕಳೆದುಹೋದ ಹಳೇ ಬೀಗ ಒಂದು ಸಿಕ್ಕಿಬಿಟ್ರೆ ಸಾಕು, ತಟ್ಟೆಯಲ್ಲಿ ಅನ್ನ ಆರಿ ತಣ್ಣಗಾದ್ರೂ ಎಚ್ಚರ ಇರಲ್ಲ. ಕೊಡೆಕಡ್ಡಿ ಉಜ್ಜಿ ಮಾಡಿಕೊಂಡ ಎರಡು ತಂತಿ ಒಳಗಿಳಿಸಿ, ಕಣ್ಣು ಮುಚ್ಚಿ, ಕಿವಿಗೊಟ್ಟು ಕೂತುಬಿಡ್ತಾರೆ. ಇಂಥ ಪ್ರಾಣಿ ಪ್ರಪಂಚಕ್ಕೆಲ್ಲ ಒಂದೇ ಅಂದುಕೊಂಡಿದ್ದೆ. ಇಲ್ಲ ಮಹಾರಾಯ್ರೇ, ಆರು ಜನ ಇದ್ದಾರೆ! ಭಾನುವಾರ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ರಜ. ಅಲ್ಲಿ ಸೇರ್ತಾರೆ. ಡಾಕ್ಟರಂತೂ ಬೀಗಕ್ಕೂ "ಸ್ವಲ್ಪ ಬಾಯಿ ತೆಗಿ ನೋಡೋಣ" ಅಂತಾರೆ.

ಬೀಗ ತೆಗೆದೆ ಅಂತ ಇವರಲ್ಲಿ ಯಾರೂ ಹೇಳಲ್ಲ. "ಒಪ್ಪಿಗೆ ಸಿಕ್ತು" ಅಂತಾರೆ. ಮಗಳಿಗೆ ಗಂಡು ಹುಡುಕೋರ ಹಾಗೆ, "ಮೂರು ವಾರ ಆಯ್ತು, ಇನ್ನೂ ಒಪ್ಪಿಗೆ ಇಲ್ಲ" ಅಂತ ನಿಟ್ಟುಸಿರು ಬೇರೆ. ಇನ್ನೊಂದು ಕಟ್ಟಳೆ, ಬಾಗಿಲ ಮೇಲಿರೋ ಬೀಗಕ್ಕೆ ತಂತಿ ಹಾಕೋ ಹಾಗಿಲ್ಲ. ಸ್ವಂತದ್ದಾದ್ರೂ! ಒಂದ್ಸಲ ನಾನು ಕೀಲಿ ಒಳಗೇ ಬಿಟ್ಟು ಬಾಗಿಲು ಎಳ್ಕೊಂಡೆ. ಈ ಮನುಷ್ಯ ಕೀಲಿ ರಿಪೇರಿಯವನು ಬರೋವರೆಗೂ ಎರಡು ಗಂಟೆ ನನ್ನ ಜೊತೆ ಮೆಟ್ಟಿಲ ಮೇಲೆ ಕೂತಿದ್ರು. ನಿಮ್ಮ ಕಟ್ಟಳೆಗಿಷ್ಟು ಬೆಂಕಿ ಬೀಳ ಅಂತ ಬೈದೆ.

ಹೊಟ್ಟೆಪಾಡಿಗೆ ಇವರು ನಾವಿರೋ ಕಟ್ಟಡದ ಕೇರ್‌ಟೇಕರ್. ಇಪ್ಪತ್ತೆರಡು ವರ್ಷ ಆಯ್ತು. ನಲವತ್ತು ಮನೆ. ಕೆಲಸಕ್ಕೆ ಹೋಗೋರು ಮನೆಯ ಇನ್ನೊಂದು ಕೀಲಿ ಇವರ ಹತ್ರಾನೇ ಬಿಟ್ಟು ನಿಶ್ಚಿಂತೆಯಿಂದ ಹೋಗ್ತಾರೆ. ಈ ತಂತಿಯಾಟ ಅವರ್ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ್ರೆ ಕೆಲಸಾನೂ ಹೋಗುತ್ತೆ, ಕೆಲಸದ ಜೊತೆ ಕೊಟ್ಟಿರೋ ನೆಲಮಹಡಿ ಮನೇನೂ ಹೋಗುತ್ತೆ ಅನ್ನೋದು ನನ್ನ ಭಯ.

ಹೀಗಿರುವಾಗ ವಿಚಿತ್ರ ಹವ್ಯಾಸದವರನ್ನ ಹುಡುಕಿ ಸಾಕ್ಷ್ಯಚಿತ್ರ ಮಾಡೋ ಟೀವಿಯವರಿಗೆ ಇವರ ಸುಳಿವು ಸಿಕ್ತು. ಅವರ ಕಡೆಯ ಒಬ್ಬ ಹುಡುಗಿಯದು ದಿನಾ ಫೋನು. ಉಳಿದ ಐವರೂ ತಯಾರು, ಆದ್ರೆ ಇವರಿಲ್ಲದೆ ಕೂರಲ್ಲ ಅಂದ್ರಂತೆ. ಇವರಿಗೂ ಒಳಗೊಳಗೇ ಆಸೆ. ನನ್ನ ಮುಖ ನೋಡಿ, "ಮನೆಯವಳ ಒಪ್ಪಿಗೆ ಸಿಗಲಿ, ಹೇಳ್ತೀನಿ" ಅಂತ ತಳ್ಳುತ್ತಾ ಬಂದ್ರು. ನಾನು ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ.

ಒಂದು ಸಂಜೆ ಇವರು ಮೂರು ವಾರದಿಂದ ಹಠ ಹಿಡಿದಿದ್ದ ಹಿತ್ತಾಳೆ ಬೀಗ ಹಿಡಿದು ಕೂತಿದ್ರು. ಫೋನು ಬಂತು. ಕೈ ಬಿಡುವಿಲ್ಲ, ಮೊಣಕೈಲಿ ಒತ್ತಿ ಸ್ಪೀಕರಿಗೆ ಹಾಕಿದ್ರು. "ಸರ್, ಒಪ್ಪಿಗೆ ಸಿಕ್ತಾ?" ಅಂದ್ಲು ಹುಡುಗಿ. ಅದೇ ಹೊತ್ತಿಗೆ ಬೀಗ ಕಟಕ್ ಅಂತು.

"ಸಿಕ್ತು! ಅಬ್ಬಾ, ಕೊನೆಗೂ ಒಪ್ಪಿಗೆ ಸಿಕ್ತು!" ಅಂತ ಈ ಮಹಾನುಭಾವರು ಕಿರುಚಿದ್ರು.

"ಅಮ್ಮನಿಗೆ ಥ್ಯಾಂಕ್ಸ್ ಹೇಳಿ ಸರ್, ಭಾನುವಾರ ಬರ್ತೀವಿ" ಅಂತ ಅವಳು ಇಟ್ಟೇಬಿಟ್ಲು.

ನಾನು ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದೆ. ಇವರು ಒಂದು ಕೈಲಿ ಬೀಗ, ಒಂದು ಕೈಲಿ ಫೋನು ಹಿಡಿದು, "ನಾನು ಇದಕ್ಕೆ ಹೇಳಿದ್ದು ಕಣೇ. ಈಗಲೇ ಬೇಡ ಅಂತ ಹೇಳಿಬಿಡ್ತೀನಿ" ಅಂದ್ರು. ಆದ್ರೆ ಆ ಮುಖ! ಮದುವೆ ದಿನಾನೂ ಅಷ್ಟು ಅರಳಿರಲಿಲ್ಲ. "ಹಾಳಾಗಿ ಹೋಗ್ಲಿ, ಹೋಗಿ ಕೂತ್ಕೊಳ್ಳಿ" ಅಂದೆ.

ಭಾನುವಾರ ಕ್ಲಿನಿಕ್ಕಿಗೆ ನಾನೂ ಹೋದೆ. ಆ ಹುಡುಗಿ ಇವರಿಗೆ, "ಪಕ್ಕದ ಮನೆ ಬಾಗಿಲೊಂದು ತೆಗೆದು ತೋರಿಸಿ ಸರ್, ನೋಡೋರಿಗೆ ಮಜಾ ಇರುತ್ತೆ" ಅಂದ್ಲು.

"ಅದು ಕಳ್ಳರ ಕಸುಬು. ನಮ್ಮದಲ್ಲ."

"ನಲವತ್ತು ಮನೆ ನೋಡ್ಕೋತೀರಿ. ಒಂದ್ಸಲಾನೂ ಆಸೆ ಆಗಿಲ್ವಾ?"

"ಕೀಲಿ ಇರೋ ಬೀಗದಲ್ಲಿ ಏನಮ್ಮಾ ಸ್ವಾರಸ್ಯ?" ಅಂದ್ರು ಇವರು. ಎಲ್ಲರೂ ನಕ್ರು. ನಾನು ನಗಲಿಲ್ಲ. ನಲವತ್ತು ಮನೆ ವಿಷಯವೂ ಕ್ಯಾಮೆರಾ ಒಳಗೆ ಹೋಯ್ತಲ್ಲ!

ಶನಿವಾರ ಸಂಜೆ ಟೀವಿಯಲ್ಲಿ ಬಂತು. ಭಾನುವಾರ ಬೆಳಿಗ್ಗೆ ಎರಡು ಮನೆಯವರು ಬಂದು, "ನಕಲು ಮಾಡಿಸಬೇಕಿತ್ತು" ಅಂತ ಕೀಲಿ ವಾಪಸ್ ಇಸ್ಕೊಂಡು ಹೋದ್ರು. ರಜಾ ದಿನ ಯಾವ ಅಂಗಡಿ ತೆಗೆದಿರುತ್ತೆ? ಇವರು ನಗುನಗುತ್ತಲೇ ಕೊಟ್ರು. ನಾನು ಒಳಗೆ ಹೋಗಿ ಅತ್ತೆ.

ಹತ್ತು ಗಂಟೆಗೆ ಕಟ್ಟಡದ ಸಂಘದ ಅಧ್ಯಕ್ಷೆ ಇಳಿದು ಬಂದ್ರು. ನಾಲ್ಕನೇ ಮಹಡಿಯ ನಿವೃತ್ತ ನರ್ಸಮ್ಮ. ತನ್ನ ನೆರಳನ್ನೂ ನಂಬದ ಹೆಂಗಸು, ಆಪರೇಷನ್ ಆಗಿ ಆಸ್ಪತ್ರೇಲಿ ಮಲಗಿದ್ದಾಗಲೂ ಕೀಲೀನ ದಿಂಬಿನ ಕೆಳಗೇ ಇಟ್ಕೊಂಡಿದ್ದೋರು. ಕೆಲಸದಿಂದ ತೆಗೆಯೋರು ಇವರೇ.

"ಟೀವಿ ನೋಡ್ದೆ," ಅಂದ್ರು. "ನಿನ್ನ ಕೈಗೆ ಕೀಲಿ ಕೊಟ್ಟಿಲ್ಲ, ಅದಕ್ಕೇ ನನ್ನ ಮನೆ ಭದ್ರವಾಗಿದೆ ಅಂದ್ಕೊಂಡಿದ್ನಪ್ಪ ಇಷ್ಟು ವರ್ಷ. ನಿನಗೆ ಕೀಲಿಯೇ ಬೇಕಾಗಿರಲಿಲ್ವಲ್ಲೋ!"

ಇವರು ತಲೆ ತಗ್ಗಿಸಿ ನಿಂತಿದ್ರು. ನರ್ಸಮ್ಮ ಸೆರಗಿನ ಗಂಟು ಬಿಚ್ಚಿ, ತಮ್ಮ ಮನೆಯ ಎರಡನೇ ಕೀಲಿ ತೆಗೆದು ಇವರ ಅಂಗೈಲಿಟ್ರು. "ಇಷ್ಟು ವರ್ಷದಲ್ಲಿ ಒಂದು ಚಮಚಾನೂ ಕಳೆದಿಲ್ಲ. ಇನ್ಮೇಲೆ ಇದು ನಿನ್ನ ಹತ್ರಾನೇ ಇರಲಿ" ಅಂದು ಮೆಟ್ಟಿಲು ಹತ್ತಿದ್ರು.

ಇವರು ಅದನ್ನ ಗೋಡೆಯ ಕೊಕ್ಕೆಗೆ ಹಾಕೋಕೆ ಹೋದ್ರು. ಎರಡು ಸಲ ತಪ್ಪಿತು. ನಾನೇ ಇಸ್ಕೊಂಡು ಹಾಕಿದೆ.