ಜೋಡಿ ಪಟ

ಶಾಲೆಯ ಚಿತ್ರಕಲೆಯ ಪುಸ್ತಕವನ್ನು ಮಗಳು ಊಟದ ಮೇಜಿನ ಮೇಲೆ ತೆರೆದಿಟ್ಟು ಹೋಗಿದ್ದಳು. ತಟ್ಟೆಗೆ ಜಾಗ ಮಾಡಿಕೊಳ್ಳುತ್ತ ನೋಡಿದರೆ, ಕೆಂಪು ನಿಲುವಂಗಿ ತೊಟ್ಟು, ಮೊಣಕಾಲೂರಿ ಕೈಮುಗಿದ ಅದೇ ಮನುಷ್ಯ! ಹಳೆಯ ಕಾಲದ ಫ್ರಾನ್ಸಿನಲ್ಲಿ ರಾಜನ ಬೊಕ್ಕಸ ನೋಡಿಕೊಳ್ಳುತ್ತಿದ್ದ ಅಧಿಕಾರಿ, ಚಿತ್ರಕಾರರನ್ನು ಪೋಷಿಸಿದವನು. ಇವನಿಗೆ ಇದೆಲ್ಲ ಹೇಗೆ ಗೊತ್ತು ಎಂದು ಬೆರಗಾಗಬೇಡಿ. ಚಿತ್ರಕಲೆಯಲ್ಲಿ ನನ್ನ ಜ್ಞಾನ ಬಾಗಿಲ ರಂಗೋಲಿಯನ್ನು ದಾಟಿದ್ದಲ್ಲ. ಎಲ್ಲ ಮುಥೈಗಾ ಬಡಾವಣೆಯ ರಾಯರ ಮನೆಯಲ್ಲಿ ಕಾಫಿ ಕುಡಿಯುತ್ತ ಕಿವಿಗೆ ಬಿದ್ದದ್ದು.

ರಾಯರು ಔಷಧಿ ಕಾರ್ಖಾನೆಯೊಂದರ ಫೈನಾನ್ಸ್ ಮ್ಯಾನೇಜರು. ನಮ್ಮ ನೈರೋಬಿ ಕನ್ನಡಿಗರ ಹಬ್ಬಕ್ಕೆ ಮೈಸೂರಿನಿಂದ ವೀಣೆಯವರನ್ನೋ ಗಮಕಿಗಳನ್ನೋ ಸ್ವಂತ ಖರ್ಚಿನಲ್ಲಿ ಕರೆಸಿ, ಮನೆಯಲ್ಲೇ ಇಳಿಸಿಕೊಳ್ಳುತ್ತಿದ್ದರು. ನಾವು ಮುಂದಿನ ಸಾಲಿನಲ್ಲಿ ಕೂತು ತೂಕಡಿಸುತ್ತಿದ್ದೆವು. ಹೀಗಾಗಿ ಆ ಫ್ರೆಂಚ್ ಅಧಿಕಾರಿ ತಮ್ಮ ಪೈಕಿಯವನೆಂದೇ ಅವರ ನಂಬಿಕೆ. ಆ ಚಿತ್ರ ಎರಡು ಹಲಗೆಗಳದ್ದು: ಒಂದರಲ್ಲಿ ಅವನು, ಇನ್ನೊಂದರಲ್ಲಿ ಅವನು ಕೈಮುಗಿಯುವ ಮೇರಿ ತಾಯಿ. ಯಾವ ಕಾಲದಲ್ಲೋ ಎರಡೂ ಅಗಲಿ, ಬೇರೆ ಬೇರೆ ದೇಶ ಸೇರಿವೆಯಂತೆ. ರಾಯರು ಎರಡರ ಪ್ರಿಂಟನ್ನೂ ತಂದು ಗೋಡೆಯ ಮೇಲೆ ಅಕ್ಕಪಕ್ಕ ಒತ್ತಾಗಿ ತೂಗುಹಾಕಿದ್ದರು.

“ಪಾಪ, ಒಬ್ನೇ ಗೋಡೆಗೆ ಕೈಮುಗೀತಾ ಇದ್ದ. ಜೊತೆ ಮಾಡ್ಸಿದೀನಿ,” ಎನ್ನುತ್ತಿದ್ದರು.

“ಮುಖ ನೋಡಿ, ಆಡಿಟರ್ ಮುಂದೆ ಕೂತಿರೋ ನಮ್ಮನೆಯವರೇ!” ಎಂದು ಅವರ ಹೆಂಡತಿ ಶಾರದಕ್ಕ ನಗುತ್ತಿದ್ದರು.

ಆ ಶಾರದಕ್ಕ ಒಂದು ಜ್ವರಕ್ಕೆ ಹೋಗಿಬಿಟ್ಟರು. ವೈಕುಂಠ ಸಮಾರಾಧನೆಗೆ ಪಟ ಬೇಕು. ಎಲ್ಲರ ಫೋಟೋ ತೆಗೆಯುತ್ತಿದ್ದವರು ಅವರೇ. ಅವರದ್ದೆಂದು ಇದ್ದದ್ದು ನೈವಾಶಾ ಸರೋವರದ ದಂಡೆಯಲ್ಲಿ ನಾನು ತೆಗೆದ ಜೋಡಿ ಪಟ ಒಂದೇ.

“ಹಾಗೇ ಇಡೋಣ,” ಎಂದರು ರಾಯರು.

ಪುರೋಹಿತರು ಒಪ್ಪಲಿಲ್ಲ. “ಬದುಕಿರೋರ ಪಟಕ್ಕೆ ಹಾರ ಹಾಕ್ತಾರಾ ರಾಯರೇ? ಅಪಶಕುನ. ಅಮ್ಮನವರದ್ದು ಮಾತ್ರ ಕಟ್ ಮಾಡ್ಸಿ.”

“ಹಾರಾನೇ ಬೇಡ ಬಿಡಿ. ಅವಳ ಪಕ್ಕದಿಂದ ನನ್ನ ತೆಗೀಬೇಡಿ.”

ದುಃಖದಲ್ಲಿ ಏನೋ ಹೇಳುತ್ತಾರೆ ಎಂದುಕೊಂಡರು ಎಲ್ಲರೂ. ಪಟವನ್ನು ಕತ್ತರಿಸಿಯೇ ತಂದರು. ಹಾರ ಹಾಕುವಾಗ ರಾಯರು ಅತ್ತುಬಿಟ್ಟರು. ಆಮೇಲೆ ವೀಣೆಯವರು ಬರುವುದು ನಿಂತಿತು. ರಾಯರೂ ಕೆಲಸ ಬಿಟ್ಟು ಮೈಸೂರಿಗೆ ಹೋದರು. ಗೋಡೆಯ ಚಿತ್ರಗಳು ಏನಾದವೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಮೊನ್ನೆ ರಾಯರೂ ತೀರಿಕೊಂಡರು. “ಅಣ್ಣಂದು ಒಂದು ಒಳ್ಳೆ ಫೋಟೋ ಇದ್ರೆ ಕಳ್ಸಿ ಸಾರ್,” ಎಂದು ಅವರ ತಮ್ಮ ಫೋನಿನಲ್ಲಿ ಕೇಳಿದ್ದರು. ಹುಡುಕುವ ಮನಸ್ಸಾಗದೆ ಸುಮ್ಮನಿದ್ದೆ. ಇವತ್ತು ಊಟ ಬಿಟ್ಟೆದ್ದು ಹಳೆಯ ಲ್ಯಾಪ್‌ಟಾಪ್ ತೆರೆದೆ. ನೈವಾಶಾದ ಪಟ ಸಿಕ್ಕಿತು. ಗಾಳಿಗೆ ಹಾರುವ ಸೆರಗನ್ನು ಹಿಡಿದುಕೊಂಡು ಶಾರದಕ್ಕ ನಗುತ್ತಿದ್ದಾರೆ. ರಾಯರು ಅವರನ್ನೇ ನೋಡುತ್ತಿದ್ದಾರೆ.

ಮಗಳು ಬಂದು ಇಣುಕಿದಳು. “ಶಲ್ ಐ ಕ್ರಾಪ್ ಇಟ್, ಅಪ್ಪಾ? ದೇ ಓನ್ಲಿ ನೀಡ್ ಅಂಕಲ್, ರೈಟ್?”

“ಬೇಡ ಪುಟ್ಟಾ,” ಎಂದೆ. “ಈಗ ಇಬ್ರಿಗೂ ಸೇರಿಸಿ ಒಂದೇ ಹಾರ ಹಾಕ್ಬಹುದು.”