ಬೇಗಡೆ ಹೊದ್ದ ಆಂಟೆನಾ

ಪುತ್ತೂರಿನಲ್ಲಿ ನಾನು ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಾಗಿನ ಆಯುಧಪೂಜೆ ಅದು. ಲ್ಯಾಪ್‌ಟಾಪಿನ ಮುಚ್ಚಳದ ಅಂಚಿನೊಳಗೆ ಅಡಗಿ ಕೂರುವ, ಬೆರಳುದ್ದದ ವೈಫೈ ಆಂಟೆನಾ ತಯಾರಿಸಿ ಲೋಕೋದ್ಧಾರ ಮಾಡಲು ನಾನೂ ಗೆಳೆಯ ಗಿರೀಶನೂ ಹೊರಟಿದ್ದೆವು. ಕಾಲೇಜಿನಲ್ಲಿ ಹತ್ತಾರು ವೈಫೈಗಳ ಗಲಾಟೆ. ಹಾಗಾಗಿ ಪರೀಕ್ಷೆಗೆ ಆಲೆಟ್ಟಿ ಹಳ್ಳಿಯ ಗಿರೀಶನ ಮನೆಯನ್ನು ಆರಿಸಿಕೊಂಡೆವು. ಲ್ಯಾಪ್‌ಟಾಪಿನ ಹಳೆಯ ಆಂಟೆನಾ ಅಂಗಳದಲ್ಲೇ ಸುಸ್ತಾಗುತ್ತಿತ್ತು. ನಮ್ಮದು ಅಂಗಳದಾಚೆ ದನದ ಹಟ್ಟಿಯವರೆಗೂ ಸಿಗ್ನಲ್ ಹಿಡಿಯುತ್ತಿತ್ತು.

ಅದನ್ನು ಕಣ್ಣಾರೆ ನೋಡಲು ನಮ್ಮ ಪ್ರಾಜೆಕ್ಟಿನ ಗೈಡ್ ಸರ್ ಪೂಜೆಯ ಮರುದಿನ ಬರುವವರಿದ್ದರು. ಕೆಲಸ ಮಾಡದಿದ್ದರೆ ಪ್ರಾಜೆಕ್ಟನ್ನೇ ಬದಲಿಸಬೇಕೆಂದು ಮೊದಲೇ ಹೇಳಿದ್ದರು.

ಪೂಜೆಯ ದಿನ ಗಿರೀಶನ ಅಜ್ಜಿ ಕತ್ತಿ, ಹಾರೆಗಳ ಸಾಲಿನಲ್ಲಿ ಲ್ಯಾಪ್‌ಟಾಪನ್ನೂ ಕೂರಿಸಿದರು. ಗಂಧ ಹಚ್ಚಿ, ಮುಚ್ಚಳದ ಬೆನ್ನಿಗೆ ಹೊಳೆಯುವ ಬೇಗಡೆ ಹಾಳೆಯನ್ನು ಅಂಚಿನವರೆಗೂ ಮಡಚಿ ಅಂಟಿಸಿದರು. ಮದುಮಗನಂತೆ ಕಂಡಿತು.

ಮರುದಿನ ಸರ್ ಬಂದರು. ಹಟ್ಟಿಯ ಬಳಿ ಸಿಗ್ನಲ್ ಇಲ್ಲ. ಅಂಗಳದಲ್ಲೂ ಇಲ್ಲ. ಜಗಲಿಯಲ್ಲಿ ಒಮ್ಮೆ ಉಸಿರಾಡಿದಂತೆ ಮಾಡಿ ಸುಮ್ಮನಾಯಿತು. ನಾವು ವೈಫೈ ಪೆಟ್ಟಿಗೆಯನ್ನು ಆರಿಸಿ ಹಚ್ಚಿದೆವು, ಪರಸ್ಪರ ದೂಷಿಸಿದೆವು. ಲೋಹ ಹೊದಿಸಿದರೆ ಆಂಟೆನಾ ಕಿವುಡಾಗುತ್ತದೆಂದು ಪುಟಗಟ್ಟಲೆ ಬರೆದು ಪಾಸಾದವರು ನಾವು. ಬೇಗಡೆಯೂ ಲೋಹವೇ ಎಂಬುದು ಮಾತ್ರ ಇಬ್ಬರ ತಲೆಗೂ ಹೋಗಲಿಲ್ಲ.

ಸರ್ ತಲೆಗೆ ಹೋಯಿತು. ಕೀಳಲು ಕೈಚಾಚಿದರು. ಅಜ್ಜಿ ತಡೆದರು.

"ಅದು ತೆಗಿಲಿಕ್ಕಿಲ್ಲ ಮಾಷ್ಟ್ರೆ. ಪೂಜೆಗೆ ಇಟ್ಟದ್ದು, ಅದಾಗಿಯೇ ಬೀಳ್ಬೇಕು. ಪಂಪಿಗೆ ಹೋದ ವರ್ಷ ಅಂಟಿಸಿದ್ದು ಈಗ್ಲೂ ಉಂಟು."

ಗಿರೀಶ ವಿಜ್ಞಾನ ಹೇಳಲು ಬಾಯಿ ತೆರೆದ. ಸರ್ ಅವನನ್ನು ಕಣ್ಣಲ್ಲೇ ಕೂರಿಸಿ, ಅಜ್ಜಿಗೆ ಕೈಮುಗಿದು, "ಅಮ್ಮ, ನಾನು ಪುತ್ತೂರಿಂದ ಬಂದದ್ದು. ಇದನ್ನೇ ಪ್ರಸಾದ ಅಂತ ಕೊಡ್ತೀರಾ?" ಎಂದರು.

ಅಜ್ಜಿ ಯೋಚನೆಗೆ ಬಿದ್ದರು. "ಪ್ರಸಾದ ಕೇಳಿದವರಿಗೆ ಇಲ್ಲ ಹೇಳ್ಲಿಕ್ಕೆ ಉಂಟಾ?" ಎನ್ನುತ್ತ ಮೆಲ್ಲಗೆ ಬಿಡಿಸಿ ಅವರ ಕೈಯಲ್ಲಿಟ್ಟರು. ಸರ್ ಕಣ್ಣಿಗೊತ್ತಿಕೊಂಡು ಕಿಸೆಗೆ ಹಾಕಿಕೊಂಡರು. ಹಟ್ಟಿಯ ಬಳಿ ಸಿಗ್ನಲ್ ಬಂತು.

"ನೋಡಿ, ಕೈಮುಗಿದ ಮೇಲೆ ಬಂತಲ್ಲ. ಈ ಮಕ್ಕಳು ಬೆಳಿಗ್ಗೆಯಿಂದ ಒಂದು ನಮಸ್ಕಾರ ಮಾಡಿದ್ದಿಲ್ಲ," ಎಂದರು ಅಜ್ಜಿ. ಸರ್ ಗಂಭೀರವಾಗಿ ತಲೆಯಾಡಿಸಿದರು.

ಆಂಟೆನಾ ವಿನ್ಯಾಸವೇ ಈಗ ನನ್ನ ಹೊಟ್ಟೆಪಾಡು. ಅಜ್ಜಿ ಇಲ್ಲ, ಸರ್ ನಿವೃತ್ತರಾಗಿದ್ದಾರೆ. ನಿಜವಾದ ಕಾರಣವನ್ನು ಅಜ್ಜಿಗೆ ನಾವ್ಯಾರೂ ಹೇಳಲೇ ಇಲ್ಲ. ಮಕ್ಕಳು ಪಾಸಾದದ್ದು ತಮ್ಮ ಪ್ರಸಾದದಿಂದ ಎಂದು ಅವರು ಕೊನೆಯವರೆಗೂ ಬಂದವರಿಗೆಲ್ಲ ಹೇಳುತ್ತಿದ್ದರಂತೆ. ಇಷ್ಟು ವರ್ಷ ಇದೇ ಕೆಲಸ ಮಾಡಿದ ಮೇಲೂ, ಅದು ತಪ್ಪೆಂದು ವಾದಿಸಲು ನನ್ನ ಬಳಿ ಪುರಾವೆ ಇಲ್ಲ.