ಬಯಲು ನೆಲಕ್ಕೆ ಯಾವ ಬಂದೂಕು

ಆಗುವುದಿಲ್ಲ ಎಂದವರು ನಮ್ಮ ಚಿಕ್ಕಪ್ಪ. ನಾನು ಡಿಗ್ರಿ ಮುಗಿಸುವುದಿಲ್ಲ ಎಂದೂ ಅವರೇ ಹೇಳಿದ್ದರು. ಅದು ಸುಳ್ಳಾದದ್ದಕ್ಕೆ ಅವರಿಗೆ ನಾಚಿಕೆಯೇನೂ ಆಗಿರಲಿಲ್ಲ, ಹಾಗಾಗಿ ಈ ಸಲವೂ ಅಷ್ಟೇ ಧೈರ್ಯದಿಂದ ಹೇಳಿದರು. ಈ ಸಲದ ಮಾತು ಅಪ್ಪನ ಬಂದೂಕಿನದು.

"ಹೆಣ್ಮಗಳ ಹೆಸರಿಗೆ ಬಂದೂಕಿನ ಲೈಸನ್ಸು? ಈ ಜನ್ಮದಾಗಂತೂ ಆಗಂಗಿಲ್ಲ ಬಿಡಣ್ಣ," ಎಂದು ಅಪ್ಪನ ಮುಂದೆ ಕೂತು, ನನ್ನ ಕೈಯ ಚಹಾ ಕುಡಿಯುತ್ತಲೇ ಹೇಳಿದರು.

ಅಪ್ಪನಿಗೆ ಎಪ್ಪತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಅಷ್ಟು ವಯಸ್ಸಾದವರು ಲೈಸನ್ಸನ್ನು ಮಕ್ಕಳಿಗೋ ಒಡಹುಟ್ಟಿದವರಿಗೋ ದಾಟಿಸಬಹುದು. ಅಪ್ಪನಿಗೆ ನಾನೊಬ್ಬಳೇ ಮಗಳು, ಇವರೊಬ್ಬರೇ ತಮ್ಮ. ಗಡಿಯಾಚೆ ತೆಲುಗು ಸೀಮೆಯಲ್ಲಿ, ಹಾಲಹರವಿ ಕಡೆಯ ನಮ್ಮ ಹೊಲದಲ್ಲಿ ಶೇಂಗಾ, ತೊಗರಿ. ಚಿಕ್ಕಪ್ಪನ ಪಾಲಿನ ಹೊಲ ಬೇರೆ ಕಡೆ. ಹಳ್ಳದ ಜಾಲಿಯಿಂದ ಹಂದಿ ಬಂದು ಶೇಂಗಾ ಬುಡಮೇಲು ಮಾಡುತ್ತವೆ, ಜಿಂಕೆಗಳು ಹಿಂಡುಗಟ್ಟಿ ಬಂದು ತೊಗರಿಯ ಕುಡಿ ಮೇಯುತ್ತವೆ. ಅಪ್ಪನ ಹಳೆಯ ಒಂಟಿ ನಳಿಗೆಯ ಬಂದೂಕನ್ನು ಒಳಗೊಳಗೇ ತುಕ್ಕು ತಿಂದಿತ್ತು. ಇನ್ನೊಂದು ಸಲ ಹಾರಿಸಿದರೆ ಹಂದಿಗಿಂತ ಮೊದಲು ನಮ್ಮ ಮುಖ ಹೋಗುತ್ತದೆ ಎಂದು ರಿಪೇರಿಯವನು ಹೇಳಿದ್ದ. ಅಂದಮೇಲೆ ಲೈಸನ್ಸು ಯಾರಿಗೆ ಹೋದರೂ ಹೊಸ ಬಂದೂಕು ಬೇಕು.

ಅಪ್ಪ ಜಗಳದ ಮನುಷ್ಯರಲ್ಲ. "ಇಬ್ಬರೂ ಅರ್ಜಿ ಬರೀರಿ. ಯಾವ ಬಂದೂಕು, ಯಾಕ ಅಂತ ನನಗ ಹೇಳ್ರಿ. ಯಾರ ಮಾತು ಸರಿ ಅನಸ್ತದೋ ಅವರಿಗೆ ಸಹಿ ಮಾಡ್ತೀನಿ," ಎಂದರು.

ನನಗೆ ಆ ಸಹಿ ಬೇಕಾಗಿತ್ತು. ಹೊಲ ನೋಡಿಕೊಳ್ಳುತ್ತಿದ್ದವಳು ನಾನು. ಬೆಳಗಿನ ಬಸ್ಸಿಗೆ ಆದೋನಿಗೆ ಹೋಗಿ, ಮೂರು ವರ್ಷ ನಿಂತೇ ಪ್ರಯಾಣ ಮಾಡಿ, ಫಿಸಿಕ್ಸ್ ಓದಿ ಪಾಸಾದವಳು ನಮ್ಮ ಮನೆತನದಲ್ಲಿ ನಾನೇ ಮೊದಲು. ತೆಲುಗು ಮೀಡಿಯಂನಿಂದ ಇಂಗ್ಲಿಷಿಗೆ ಹೋಗಿ ಮೊದಲ ವರ್ಷ ಎರಡು ಪೇಪರ್ ಬಿದ್ದದ್ದನ್ನೂ ಹೇಳಿಬಿಡುತ್ತೇನೆ. ಮತ್ತೆ ಕಟ್ಟಿ ತೆಗೆದುಕೊಂಡದ್ದೂ ನಾನೇ.

ಚಿಕ್ಕಪ್ಪನ ವಿದ್ಯಾಭ್ಯಾಸ ನಡೆದದ್ದು ಬೀಜದಂಗಡಿಯ ಮುಂದಿನ ಬೆಂಚಿನ ಮೇಲೆ. ಅಲ್ಲಿ ಕೂಡುವ ಐದಾರು ಜನರೂ ನಮ್ಮವರೇ, ಹೊಲ ಇದ್ದವರು, ಹತ್ತಿ ಮಾರುವವರು. ಅಜ್ಜ ಮುತ್ತಜ್ಜರ ಕಾಲದಿಂದ ಮಾಂಸ ಮುಟ್ಟಿದವರಲ್ಲ, ಕೋಳಿ ಕೊಯ್ದದ್ದನ್ನು ನೋಡಿದರೆ ಮುಖ ತಿರುಗಿಸುವವರು. ಎದೆಯ ಮೇಲೆ ಲಿಂಗ, ಬಾಯಲ್ಲಿ ತ್ರೀ ನಾಟ್ ತ್ರೀ ರೈಫಲ್. ಜಿಂಕೆಗೆ ಎಷ್ಟು ಬೋರ್, ಅಂದರೆ ಎಷ್ಟು ಅಗಲದ ನಳಿಗೆ ಬೇಕು, ನರಿಗೆ ಎಷ್ಟು, ಮೊಲಕ್ಕೆ ಎಷ್ಟು ಎಂಬುದರ ಮೇಲೆ ಅವರು ವಾರಗಟ್ಟಲೆ ವಾದ ಮಾಡಿದರು. ಅಮೆರಿಕದ ಯಾರೋ ಟೋಪಿಯವನು ಗುಡ್ಡದ ಇಳಿಜಾರಿನಲ್ಲಿ ಮಲಗಿ ಜಿಂಕೆ ಹೊಡೆಯುವ ವಿಡಿಯೊ ಚಿಕ್ಕಪ್ಪನ ಫೋನಿನಲ್ಲಿ ದಿನವೆಲ್ಲ ಓಡುತ್ತಿತ್ತು. ಅವನ ಇಂಗ್ಲಿಷು ಅವರಿಗೆ ತಿಳಿಯದು. ನಂಬರು ಮಾತ್ರ ತಿಳಿಯುತ್ತಿತ್ತು. ಜಿಂಕೆಗೂ ನರಿಗೂ ಒಂದೇ ರೈಫಲಿನಲ್ಲಿ ಕೆಲಸ ಆಗಬೇಕಾದರೆ ಟೂ ಫಾರ್ಟಿ ತ್ರೀ ಎಂದು ಒಂದು ವಾರ, ಅದಲ್ಲ ಥರ್ಟಿ ನಾಟ್ ಸಿಕ್ಸ್ ಎಂದು ಇನ್ನೊಂದು ವಾರ. ತ್ರೀ ನಾಟ್ ತ್ರೀ ಸರ್ಕಾರದ ಬೋರು, ನಮ್ಮಂಥವರಿಗೆ ಕೊಡುವುದೇ ಇಲ್ಲ ಎಂದು ಒಂದು ದಿನ ನಾನು ಹೇಳಿದೆ. ಚಿಕ್ಕಪ್ಪ ಬೆಂಚಿನ ಕಡೆ ತಿರುಗಿ, "ನೋಡ್ರಿ, ನಮ್ಮ ಫಿಸಿಕ್ಸು ಬಂತು," ಎಂದರು. ಎಲ್ಲರೂ ನಕ್ಕರು. ಒಬ್ಬನಾದರೂ ನಿಯಮ ತೆಗೆದು ನೋಡಲಿಲ್ಲ.

ಈ ದೊಡ್ಡ ಬೋರಿನ ಹುಚ್ಚಿಗೆ ಜಿಂಕೆ ಒಂದು ನೆಪ. ನಮ್ಮ ಕಡೆ ಎಲೆಕ್ಷನ್ ಬಂತೆಂದರೆ ಲೈಸನ್ಸಿನ ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಇಟ್ಟು ಬರಬೇಕು. ಆ ದಿನ ಸಾಲಿನಲ್ಲಿ ಯಾರ ಕಂಬಳಿಯೊಳಗೆ ಏನಿದೆ ಎಂದು ಎಲ್ಲರೂ ನೋಡುತ್ತಾರೆ. ರೈಫಲ್ ತಂದವನಿಗೆ ಕುರ್ಚಿ, ಒಂಟಿ ನಳಿಗೆ ತಂದವನಿಗೆ ಬೇವಿನ ನೆರಳು. ಚಿಕ್ಕಪ್ಪ ಪ್ರತಿ ಸಲ ಅಪ್ಪನ ಜೊತೆ ಹೋಗಿ ಆ ನೆರಳಿನಲ್ಲಿ ನಿಂತು ಬಂದವರು. ಅವರು ಬೋರು ಆರಿಸುತ್ತಿದ್ದದ್ದು ಆ ಕುರ್ಚಿಗಾಗಿ. ಹಂದಿ ಶೇಂಗಾ ತಿಂದರೆ ತಿನ್ನಲಿ. ಕೊನೆಗೆ ಅಂಗಡಿಯಲ್ಲಿ ನಿಜವಾಗಿ ಸಿಗುವ ಮುನ್ನೂರ ಹದಿನೈದರ ಬೋರಿನ ರೈಫಲಿಗೆ ಬಂದು ನಿಂತರು.

ನಾನು ಅಪ್ಪನನ್ನು ಹೊಲಕ್ಕೆ ಕರೆದುಕೊಂಡು ಹೋದೆ. ಕೈ ಹಿಡಿದು ಬದುವಿನ ನಾಲ್ಕೂ ಮೂಲೆಯಲ್ಲಿ ನಿಲ್ಲಿಸಿದೆ. ನಮ್ಮದು ಎರೆಭೂಮಿ, ಅಂಗೈಯಷ್ಟು ಸಪಾಟು. ಅಡ್ಡ ಒಂದು ದಿಬ್ಬವಿಲ್ಲ. ಹಂದಿ ಇಲ್ಲಿ ನಿಂತರೆ ಅದರ ಹಿಂದೆ ಏನಿದೆ ಎಂದು ಕೇಳಿದೆ. ಕಣ್ಣು ಕಾಣದಿದ್ದರೂ ಅಪ್ಪನಿಗೆ ಗೊತ್ತಿತ್ತು. ಒಂದು ಕಡೆ ಬಳ್ಳಾರಿ ರಸ್ತೆ, ಒಂದು ಕಡೆ ಕುರಿ ಮೇಯಿಸುವವರ ಹಟ್ಟಿ, ಒಂದು ಕಡೆ ಪಕ್ಕದ ಊರಿನ ಹೆಂಗಸರು ಮೆಣಸಿನಕಾಯಿ ಬಿಡಿಸುವ ಹೊಲ, ಹಿಂದೆ ನಮ್ಮದೇ ಬೋರ್‌ವೆಲ್ ಶೆಡ್ಡು. ರೈಫಲಿನ ಗುಂಡು ಹಂದಿಗೆ ತಾಗದೆ ಹೋದರೆ, ಎಷ್ಟೋ ಸಲ ಹಂದಿಯನ್ನು ಹಾಯ್ದೂ, ಮೈಲಿ ದಾಟಿ ಹೋಗುತ್ತದೆ. ಅಲ್ಲಿಯೂ ಮನುಷ್ಯನನ್ನು ಕೊಲ್ಲುವ ಕಸುವು ಅದಕ್ಕೆ ಇರುತ್ತದೆ. ಸಣ್ಣದೆಂದು ಇಪ್ಪತ್ತೆರಡರ ರೈಫಲ್ ತಂದರೆ ಅದು ಹಂದಿಗೆ ಗಾಯ ಮಾಡಿ ಸಿಟ್ಟು ಬರಿಸುತ್ತದೆ, ಕಲ್ಲಿಗೆ ತಾಗಿ ಎತ್ತಲೋ ಸಿಡಿಯುತ್ತದೆ. ಹನ್ನೆರಡು ಬೋರಿನ ಬಂದೂಕು ಉಗುಳುವ ದಪ್ಪ ಚರೆ, ಅಂದರೆ ಸೀಸದ ಕಾಳು, ಹತ್ತಿರದಲ್ಲಿ ಗಟ್ಟಿ, ಸ್ವಲ್ಪ ದೂರ ಹೋದರೆ ಉಸಿರು ಕಳೆದುಕೊಂಡು ನೆಲಕ್ಕೆ ಬೀಳುತ್ತದೆ. ನಮಗೆ ಬೇಕಾದದ್ದು ನಮ್ಮ ಬದುವಿನೊಳಗೇ ಸಾಯುವ ಗುಂಡು. ಅದೂ ಹಂದಿಗೆ ಮಾತ್ರ, ಅರಣ್ಯದವರು ಬರೆದುಕೊಟ್ಟ ಮೇಲೆ ಮಾತ್ರ. ಜಿಂಕೆಗೆ ಯಾವ ಬೋರೂ ಇಲ್ಲ. ಅದನ್ನು ಹೊಡೆದರೆ ಜೈಲು, ಬೇಕಾದರೆ ಆಕಾಶಕ್ಕೊಂದು ಸದ್ದು ಮಾಡಿ ಓಡಿಸಬಹುದು.

ಅಪ್ಪ ಎಲ್ಲ ಕೇಳಿ, ನನ್ನ ಕೈ ಹಿಡಿದು ಮನೆಗೆ ಬಂದರು. ತಮ್ಮನಿಗೆ ಇಲ್ಲ ಎನ್ನುವುದು ಅವರಿಗೆ ಆಗದ ಕೆಲಸ. ಆ ಕೆಲಸವನ್ನು ತಮ್ಮನೇ ಮಾಡಿಕೊಟ್ಟರು.

ಸಹಿ ಹೇಗೂ ತನಗೇ ಬರುತ್ತದೆ ಎಂದು ಚಿಕ್ಕಪ್ಪ ಅರ್ಜಿಯನ್ನು ಮೊದಲೇ ಕೊಟ್ಟುಬಿಟ್ಟಿದ್ದರು. ಕಾರಣ ಬರೆಯುವ ಜಾಗದಲ್ಲಿ, ಜಿಂಕೆ ಮತ್ತು ಹಂದಿಗಳನ್ನು ಹೊಡೆಯಲು ರೈಫಲ್ ಬೇಕು ಎಂದು ಚೆಂದದ ತೆಲುಗಿನಲ್ಲಿ ಬರೆಸಿದ್ದರು. ಜೊತೆಗೆ ಅನುಭವಕ್ಕೆ ಸಾಕ್ಷಿಯಾಗಲಿ ಎಂದು ಒಂದು ಫೋಟೊ. ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಒಂದು ಜೊತೆ ಜಿಂಕೆ ಕೊಂಬು ಇದ್ದವು, ನಾವು ಅದಕ್ಕೆ ಟವೆಲ್ ಹಾಕುತ್ತಿದ್ದೆವು. ಅದರ ಕೆಳಗೆ ಮೀಸೆ ತಿರುವಿಕೊಂಡು ನಿಂತ ಚಿಕ್ಕಪ್ಪ.

ಆ ಅರ್ಜಿ, ಆ ಫೋಟೊ ಅರಣ್ಯ ಇಲಾಖೆಗೆ ಹೋಗಿ, ಅಲ್ಲಿನ ಅಧಿಕಾರಿ ಜೀಪಿನಲ್ಲಿ ಬಂದ. ರೈಫಲ್ ಕೊಡುವ ಮುಂಚಿನ ವಿಚಾರಣೆ ಎಂದು ತಿಳಿದ ಚಿಕ್ಕಪ್ಪ ಅವನಿಗೆ ಮಜ್ಜಿಗೆ ಕೊಡಿಸಿದರು, ಬೆಂಚಿನವರನ್ನೆಲ್ಲ ಕರೆಸಿದರು. ಈ ಕೊಂಬು ಯಾರು ಹೊಡೆದದ್ದು ಎಂದು ಅವನು ಮೆತ್ತಗೆ ಕೇಳಿದ.

"ನಮ್ಮಪ್ಪ ಹೊಡದದ್ದು ಸಾರ್. ನಾನೂ ಬಾಜೂಕ ಇದ್ದೆ. ಒಂದೇ ಗುಂಡು," ಎಂದರು ಚಿಕ್ಕಪ್ಪ.

ಅಜ್ಜ ಜೀವಮಾನದಲ್ಲಿ ಇರುವೆಗೂ ಸಕ್ಕರೆ ಹಾಕಿದ ಮನುಷ್ಯ. ಆ ಕೊಂಬು ಹಳೆಯ ಕಾಲದ ಒಬ್ಬ ತಹಸೀಲ್ದಾರ ಉಡುಗೊರೆ ಕೊಟ್ಟದ್ದು. ಅದು ಚಿಕ್ಕಪ್ಪನಿಗೂ ಗೊತ್ತು, ಬೆಂಚಿಗೂ ಗೊತ್ತು. ಅಧಿಕಾರಿ ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು ಓದಿ ಹೇಳಿದ. ಚಿಕ್ಕಪ್ಪ ಕೆಳಗೆ ಸಹಿ ಮಾಡಿದರು, ಅದೂ ಇಷ್ಟುದ್ದ. ಆಮೇಲೆ ಅವನು ಟವೆಲ್ ತೆಗೆದು ಚಿಕ್ಕಪ್ಪನ ಕೈಗೆ ಕೊಟ್ಟು, ಕೊಂಬು ಬಿಚ್ಚಿ ಜೀಪಿನಲ್ಲಿ ಇಟ್ಟುಕೊಂಡ. ಬೆಂಚಿನವರು ಒಬ್ಬೊಬ್ಬರೇ ಕೆಲಸ ನೆನಪಾಗಿ ಎದ್ದರು.

ಒಂದು ಸುಳ್ಳು ಬೇಟೆಗೆ ನಿಜವಾದ ನೋಟಿಸು ಬಂತು. ಆರು ತಿಂಗಳು ಅರಣ್ಯ ಕಚೇರಿಯ ಮೆಟ್ಟಿಲು ಹತ್ತಿ, ನಮ್ಮಪ್ಪ ಏನೂ ಹೊಡೆದವನಲ್ಲ, ನಾನು ಬಡಾಯಿ ಹೇಳಿದೆ ಎಂದು ಚಿಕ್ಕಪ್ಪ ಬರೆದುಕೊಡಬೇಕಾಯಿತು. ಅಪ್ಪ ಸಾಕ್ಷಿಗೆಂದು ಜೊತೆಗೆ ಹೋಗಿ ಹೆಬ್ಬೆಟ್ಟು ಒತ್ತಿದರು; ಕಣ್ಣು ಮಂಜಾದ ಮೇಲೆ ಅವರ ಸಹಿ ಎಂದರೆ ಹೆಬ್ಬೆಟ್ಟೇ. ನನಗೆ ಕನಿಕರ ಬರಲಿಲ್ಲ. ಓದಿದ ಹುಡುಗಿಗೆ ಅಹಂಕಾರ ಎಂದು ಊರು ಹೇಳಿತು. ಇರಲಿ, ಮೂರು ವರ್ಷ ಬಸ್ಸಿನಲ್ಲಿ ನಿಂತು ಗಳಿಸಿದ ಅಹಂಕಾರ ಅದು.

ರೈಫಲಿನ ಅರ್ಜಿ ವಾಪಸ್ ಬಂದ ದಿನ ಅಪ್ಪ ನನ್ನನ್ನು ಕರೆದು, ನನ್ನ ಬೆರಳು ಹಿಡಿದು ನನ್ನ ಅರ್ಜಿಯ ಮೇಲೆ ಎಲ್ಲಿ ಸಹಿ ಮಾಡಬೇಕೋ ಅಲ್ಲಿ ಇಡಿಸಿಕೊಂಡರು. ನನ್ನ ಬೆರಳಿನ ಪಕ್ಕ ಹೆಬ್ಬೆಟ್ಟು ಒತ್ತಿದರು.

ಅದಾದ ಮೇಲೂ ಬಂದೂಕು ತರಬೇತಿಯ ಸರ್ಟಿಫಿಕೇಟ್ ಇಲ್ಲದೆ ಲೈಸನ್ಸು ದಾಟುವುದಿಲ್ಲ. ಕರ್ನೂಲಿನ ಕ್ಲಬ್ಬಿನಲ್ಲಿ ಕಲಿಸುತ್ತಿದ್ದವರು ನಿವೃತ್ತ ಹವಾಲ್ದಾರ್. ತರಗತಿಯಲ್ಲಿ ನಾನೊಬ್ಬಳೇ ಹೆಂಗಸು. ಉಳಿದವರು ಕರಿ ಕನ್ನಡಕದ ಗಂಡಸರು, ಕಲಿಯಲು ಬಂದವರಲ್ಲ, ಫೋಟೊ ತೆಗೆಸಿಕೊಳ್ಳಲು ಬಂದವರು. ಕೊನೆಯ ದಿನ ಹವಾಲ್ದಾರ್ ಒಂದೇ ಪ್ರಶ್ನೆ ಕೇಳಿದರು: "ಗುಂಡು ಎಕ್ಕಡ ಆಗುತುಂದಿ?" ಗುಂಡು ಎಲ್ಲಿ ನಿಲ್ಲುತ್ತದೆ ಎಂದು. ಜಿಂಕೆಯ ಎದೆಯಲ್ಲಿ ಎಂದ ಒಬ್ಬ. ಹಂದಿಯ ತಲೆಯಲ್ಲಿ ಎಂದ ಇನ್ನೊಬ್ಬ. ನಾನು ಎದ್ದು, ಪ್ರಾಣಿಯ ಹಿಂದೆ ಏನಿದೆಯೋ ಅದರಲ್ಲಿ ಎಂದೆ, ಅದಕ್ಕೇ ಅರ್ಜಿಯಲ್ಲಿ ಹನ್ನೆರಡು ಬೋರ್ ಬರೆದಿದ್ದೇನೆ ಎಂದೂ ಹೇಳಿದೆ. ಅವರು ಹೊಗಳಲಿಲ್ಲ. ಕರಿ ಕನ್ನಡಕದವರ ಕಡೆ ತಿರುಗಿ, ಮೊದಲು ಕನ್ನಡಕ ತೆಗೆಯಿರಿ, ಆಮೇಲೆ ಉತ್ತರ ಹೇಳಿ ಎಂದು ಬೈದರು.

ಸರ್ಟಿಫಿಕೇಟ್ ಕೈಗೆ ಬಂದಾಗ ಮಧ್ಯಾಹ್ನ. ಸಂಜೆಯೊಳಗೆ ಊರು ಸೇರಿದೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಚಿಕ್ಕಪ್ಪ. ನಾನು ಕಾಗದವನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಸೀಲಿನ ಮೇಲೆ ಬೆರಳಾಡಿಸಿ ತಮ್ಮನ ಕೈಗೆ ದಾಟಿಸಿದರು. ಚಿಕ್ಕಪ್ಪ ಇಂಗ್ಲಿಷ್ ಓದಬಲ್ಲವರಂತೆ ಮೇಲಿನಿಂದ ಕೆಳಗೆ ನೋಡಿದರು, ಹಿಂದೆ ತಿರುಗಿಸಿಯೂ ನೋಡಿದರು. ತಪ್ಪಾಯಿತು ಎನ್ನುತ್ತಾರೇನೋ ಎಂದು ಒಂದು ಗಳಿಗೆ ಕಾಯ್ದೆ.

ಕಾಗದ ವಾಪಸ್ ಕೊಡುತ್ತ ಅವರು ಅಂದರು: "ಹಂದಿ ನಮ್ಮ ಹೊಲಕ್ಕೂ ಬರ್ತಾವ ಅವ್ವಾ. ಆ ಕಡೀನೂ ಒಂದು ಸುತ್ತು ಹಾಕು."